ಉಂಗುರದ ಬೆರಳು, ಮೂರನೇ ತಂತಿ

ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿದವರಿಗೆ ಗೊತ್ತು, ಕೈ ತಾನಾಗಿಯೇ ಓಡುವ ಒಂದು ಹೊತ್ತು ಬರುತ್ತದೆ. ಬಲಗೈ ಕಾಯಿ ಎತ್ತಿಕೊಡುತ್ತದೆ, ಎಡಗೈ ಹಿಡಿದು ಅಲಗಿಗೆ ಒತ್ತುತ್ತದೆ, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕಣ್ಣು ಅಲ್ಲಿರಬೇಕಾಗಿಲ್ಲ. ಮಾತು ಊರ ಸುದ್ದಿಯಲ್ಲಿರುತ್ತದೆ. 2018ರ ನವೆಂಬರಿನ ಒಂದು ರಾತ್ರಿ ನಾನು ಹಾಗೆ ಓಟದಲ್ಲಿದ್ದೆ. ಸುಲಿಯೋಕೆ ಬರುವವರಲ್ಲಿ ಇಬ್ಬರು ಆ ವಾರ ಬಂದಿರಲಿಲ್ಲ. ಕೊಯ್ದ ಅಡಿಕೆ ಗೊನೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಹಸಿ ಅಡಿಕೆ ಕಾಯುವುದಿಲ್ಲವಲ್ಲ, ಮನೆಮಂದಿಯೆಲ್ಲ ಕೂತಿದ್ದೆವು. ಒಂಬತ್ತೂವರೆಗೆ ಕರೆಂಟು ಹೋಯಿತು. ಕತ್ತಲಾಯಿತು ಎಂದು ತಲೆಗೆ ತಿಳಿಯಿತು, ಎಡಗೈಗೆ ತಿಳಿಯಲಿಲ್ಲ. ಅದು ಇನ್ನೊಂದು ಸಲ ಒತ್ತಿತು.

ನೋವು ಕೂಡಲೇ ಬರಲಿಲ್ಲ. ಬಿಸಿಯಾಗಿ ಏನೋ ಮಡಿಲಿಗೆ ಇಳಿಯಿತು. ಅಪ್ಪಯ್ಯ ಬ್ಯಾಟರಿ ಹಿಡಿದು ಬಂದು "ಎಂತ ಆಯ್ತು ಪುಟ್ಟಿ?" ಅಂದರು, ನೋಡಿ ಸುಮ್ಮನಾದರು. ಅಮ್ಮ ಒಳಗೋಡಿ ಒಂದು ಹಿಡಿ ಕಾಫಿಪುಡಿ ತಂದು ಒತ್ತಿ, ಹಳೇ ಪಂಚೆ ಹರಿದು ಸುತ್ತಿದರು. ನಮ್ಮ ಮನೆ ಮೇಗರವಳ್ಳಿಯ ಹತ್ತಿರ. ಪಕ್ಕದ ಮನೆಯವರ ಜೀಪಿನಲ್ಲಿ ತೀರ್ಥಹಳ್ಳಿ, ಅಲ್ಲಿಂದ ಅದೇ ರಾತ್ರಿ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ. ದಾರಿಯುದ್ದಕ್ಕೂ ಎಡಗೈ ಎತ್ತಿ ಹಿಡಿದುಕೊಂಡಿದ್ದೆ. ಅಡಿಕೆಯ ಚೊಗರಿನಿಂದ ಕಂದಾಗಿದ್ದ ನಾಲ್ಕು ಬೆರಳು ಕಾಣುತ್ತಿದ್ದವು, ಐದನೆಯದು ಬಟ್ಟೆಯೊಳಗಿತ್ತು.

ಉಂಗುರದ ಬೆರಳಿನ ತುದಿ, ಅರ್ಧ ಉಗುರಿನ ಸಮೇತ ಹೋಗಿತ್ತು. ಮೂಳೆಯ ತುದಿ ಸವರಿ ಚರ್ಮ ಮುಚ್ಚಿ ಹೊಲಿದರು. ಬೆಳಿಗ್ಗೆ ಡಾಕ್ಟರು ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಗಿಟಾರ್ ನುಡಿಸಬಹುದಾ ಅಂತ. "ಮೊದಲು ಗಾಯ ಒಣಗಲಿ, ಆಮೇಲೆ ನೋಡೋಣ" ಅಂದರು. ಆ "ನೋಡೋಣ" ಎಂಬ ಮಾತಿಗೆ ಏನು ಅರ್ಥ ಎಂದು ಹಾಸಿಗೆಯ ಮೇಲೆ ಮಲಗಿ ಬಹಳ ಹೊತ್ತು ಯೋಚಿಸಿದೆ.

ನಾನು ತೀರ್ಥಹಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಗಿಟಾರ್ ಹಿಡಿದದ್ದು 2007ರಲ್ಲಿ, ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ. ಹಾಸ್ಟೆಲಿನ ಗೆಳತಿಯೊಬ್ಬಳ ಅಣ್ಣ ಬೆಂಗಳೂರಿನಿಂದ ಎಂಪಿತ್ರೀ ತುಂಬಿದ ಸೀಡಿ ತಂದುಕೊಟ್ಟಿದ್ದ. ಅದರಲ್ಲಿ ಬ್ಲ್ಯಾಕ್ ಸಬ್ಬತ್, ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡಗಳಿದ್ದವು, ಬ್ಲೂಸ್ ಗಿಟಾರಿನ ಬಿ.ಬಿ. ಕಿಂಗ್ ಇದ್ದ. ದುರ್ಗಿಗುಡಿಯಲ್ಲಿ ಒಂದು ವಾದ್ಯದ ಅಂಗಡಿ ಹುಡುಕಿ ಮೊದಲು ಒಂದು ಮರದ ಗಿಟಾರ್ ಕೊಂಡೆ. ಕೆಲಸ ಸಿಕ್ಕ ಮೇಲೆ ಒಂದು ಕಪ್ಪು ಎಲೆಕ್ಟ್ರಿಕ್. ಹನ್ನೊಂದು ವರ್ಷ ಅದೇ ನನ್ನ ಸಂಜೆ.

ರಾಕ್ ಗಿಟಾರಿನಲ್ಲಿ ಎಡಗೈಯ ಉಂಗುರದ ಬೆರಳು ಏನು ಮಾಡುತ್ತದೆ ಎಂದು ಹೇಳದಿದ್ದರೆ ನನ್ನ ದುಃಖ ನಿಮಗೆ ಅರ್ಥವಾಗುವುದಿಲ್ಲ. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟುಗಳು, ಒಂದರಿಂದ ಮುಂದಿನದಕ್ಕೆ ಅರ್ಧಸ್ವರ ಏರುತ್ತದೆ. ಮೂರನೇ ತಂತಿಯ ಏಳನೇ ಫ್ರೆಟ್ಟಿನ ಮೇಲೆ ಬೆರಳಿಟ್ಟರೆ ಬರುವ ಸ್ವರ, ಪಾಶ್ಚಾತ್ಯರ ಲೆಕ್ಕದಲ್ಲಿ, ಡಿ. ಒಂಬತ್ತನೇ ಫ್ರೆಟ್ಟಿನಲ್ಲಿ ಇ. ಏಳರಲ್ಲೇ ಇಟ್ಟ ಬೆರಳಿನಿಂದ ತಂತಿಯನ್ನು ಅಡ್ಡಕ್ಕೆ ತಳ್ಳಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತಾ ಹೋಗುತ್ತದೆ, ಸರಿಯಾಗಿ ಇ ತಲುಪಿದಾಗ ನಿಲ್ಲಿಸಬೇಕು. ಇದು ಬೆಂಡ್. ರಾಕ್ ಸೋಲೋಗಳ ಅಳು, ಕೂಗು, ನಿಟ್ಟುಸಿರು ಎಲ್ಲ ಹುಟ್ಟುವುದು ಇಲ್ಲಿ. ತಂತಿಯ ಕಂಪನ ಸಂಖ್ಯೆ ಎಳೆತದ ವರ್ಗಮೂಲದಂತೆ ಏರುವುದರಿಂದ, ಒಂದು ಪೂರ್ಣ ಸ್ವರ ಮೇಲೇರಿಸಲು ಎಳೆತ ಶೇಕಡ 26ರಷ್ಟು ಹೆಚ್ಚಬೇಕು. ಆ ತಂತಿ ಮೊದಲೇ ಸುಮಾರು ಏಳು ಕಿಲೋ ತೂಕದ ಎಳೆತದಲ್ಲಿ ನಿಂತಿರುತ್ತದೆ. ಅದನ್ನು ತಳ್ಳುವ ಮುಖ್ಯ ಆಳು ಉಂಗುರದ ಬೆರಳು. ನಡುಬೆರಳು, ತೋರುಬೆರಳು ಅದರ ಹಿಂದೆ ಅದೇ ತಂತಿಯ ಮೇಲೆ ನಿಂತು ಹೆಗಲು ಕೊಡುತ್ತವೆ. ಹೆಬ್ಬೆರಳು ಕತ್ತಿನ ಮೇಲಿನಿಂದ ಕೊಕ್ಕೆಯಂತೆ ಹಿಡಿಯುತ್ತದೆ. ಬಲ ಬರುವುದು ಬೆರಳಿನಿಂದಲ್ಲ, ಮುಂಗೈ ತಿರುವಿನಿಂದ, ನಲ್ಲಿ ತಿರುಗಿಸುವ ಹಾಗೆ.

ತಲುಪಿದ ಸ್ವರವನ್ನು ಅಲ್ಲೇ ನಡುಗಿಸುವುದು ಇನ್ನೂ ಕಷ್ಟ. ಬಿ.ಬಿ. ಕಿಂಗ್‌ನ ಆ ನಡುಕ ಯಾರು ಕೇಳಿದರೂ ಗುರುತು ಹಿಡಿಯುವಂಥದ್ದು. ಅವನ ಬಂಧು ಬುಕ್ಕಾ ವೈಟ್ ತಂತಿಯ ಮೇಲೆ ಲೋಹ ಜಾರಿಸಿ ನುಡಿಸುತ್ತಿದ್ದ. ಕಿಂಗ್‌ಗೆ ಆ ವಿದ್ಯೆ ಕೈಗೆ ಹತ್ತಲಿಲ್ಲ, ಅದರ ನಾದವನ್ನು ಬರಿ ಬೆರಳಿನಲ್ಲಿ ತರಲು ಹೋಗಿ ಈ ನಡುಕ ಸಿಕ್ಕಿತು. ಇದನ್ನು ಓದಿದ್ದು ಮೊದಲೇ, ಅದರ ತೂಕ ತಿಳಿದದ್ದು ಬೆರಳು ಹೋದ ಮೇಲೆ.

ನಾಲ್ಕು ತಿಂಗಳು ಗಿಟಾರ್ ಮುಟ್ಟಲಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಆ ತುದಿಯನ್ನು ತಂತಿಗೆ ತಾಗಿಸಿದರೆ ಮೊಣಕೈವರೆಗೆ ಮಿಂಚು ಹೊಡೆದ ಹಾಗೆ ಆಗುತ್ತಿತ್ತು. ತಣ್ಣೀರು ತಾಗಿದರೂ ಅಷ್ಟೇ. ಪೆಟ್ಟಿಗೆಯೊಳಗೆ ತಂತಿಗಳು ತುಕ್ಕು ಹಿಡಿದವು.

ಆಗ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿಯ ಕಥೆಯನ್ನು ಮತ್ತೆ ಓದಿದೆ. ಗಿಟಾರ್ ಹಿಡಿದ ಎಲ್ಲರಿಗೂ ಗೊತ್ತಿರುವ ಕಥೆ ಅದು. ಆದರೆ ನಾನು ಅದನ್ನು ಅಲ್ಲಿಯವರೆಗೆ ಕಥೆಯಾಗಿ ಓದಿದ್ದೆ, ಈಗ ಔಷಧಿ ಚೀಟಿಯ ಹಾಗೆ ಓದಿದೆ. 1965, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಐಯೋಮಿಗೆ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಅದು ಆತನ ಕೊನೆಯ ದಿನ, ಮರುದಿನದಿಂದ ಬರೀ ಸಂಗೀತ ಎಂದು ತೀರ್ಮಾನಿಸಿದ್ದ. ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗುವುದಿಲ್ಲ ಅಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದಳು. ಬಾರದವರೊಬ್ಬರ ಜಾಗದಲ್ಲಿ, ತನಗೆ ರೂಢಿಯಿಲ್ಲದ ಯಂತ್ರದ ಮುಂದೆ ನಿಂತ. ಬಲಗೈಯ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿಗಳು ಹೋದವು. ಐಯೋಮಿ ಎಡಚ. ಅಂದರೆ ತಂತಿ ಒತ್ತುವ ಕೈಯೇ ಅದು.

ಬಾರದವರೊಬ್ಬರ ಜಾಗದಲ್ಲಿ ಕೂತದ್ದು ನಾನೂ ಹೌದು. ಆ ಸಾಲು ಓದುವಾಗ ನಾನು ಪುಸ್ತಕ ಕೆಳಗಿಟ್ಟೆ.

ಆಮೇಲೆ ಆತ ಮಾಡಿದ್ದು ನೋಡಿ. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿ, ಬಿಸಿ ಕಬ್ಬಿಣದಿಂದ ತೂತು ಕೊರೆದು, ಬೆರಳಿಗೆ ಕೂರುವವರೆಗೆ ಉಜ್ಜಿ ಟೊಪ್ಪಿ ಮಾಡಿಕೊಂಡ. ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತದೆ, ಅದಕ್ಕೆ ಹಳೆಯ ಚರ್ಮದ ಕೋಟಿನ ತುಂಡು ಕತ್ತರಿಸಿ ಅಂಟಿಸಿದ. ದಪ್ಪ ತಂತಿ ಒತ್ತಲು ಆಗದೆ ಬ್ಯಾಂಜೋ ತಂತಿ ಹಾಕಿಕೊಂಡ. ಅದೂ ಸಾಲದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಹೊತ್ತಿಗೆ ಇಡೀ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರ ಕೆಳಗಿಳಿಸಿದ. ಹೆವಿ ಮೆಟಲ್ ಎಂದು ಜಗತ್ತು ಕರೆಯುವ ಆ ಕಪ್ಪು, ಭಾರದ ನಾದ ಒಬ್ಬ ಹುಡುಗನ ನೋಯುವ ಬೆರಳಿಗೆ ಬಿಡುವು ಕೊಡಲು ಹುಡುಕಿದ ದಾರಿಯಲ್ಲಿ ಸಿಕ್ಕಿದ್ದು. ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಪ್ರಥಮ ಪಿಯುಸಿಯಲ್ಲಿ ಅಲೆಗಳ ಪಾಠ ಮಾಡುವಾಗ ಈಗ ನಾನು ಇದನ್ನೇ ಬೋರ್ಡಿನ ಮೇಲೆ ಬರೆದು ಲೆಕ್ಕ ಮಾಡಿಸುತ್ತೇನೆ. ಶ್ರುತಿ ಮೂರು ಅರ್ಧಸ್ವರ ಇಳಿದರೆ ಎಳೆತ ಶೇಕಡ 29ರಷ್ಟು ಇಳಿಯುತ್ತದೆ. ಶ್ರುತಿ ಹಾಗೇ ಇಟ್ಟು, ಇಂಚಿನ ಸಾವಿರದಲ್ಲಿ 10 ಭಾಗ ದಪ್ಪದ ತಂತಿಯ ಬದಲು 9 ಭಾಗದ್ದು ಹಾಕಿದರೆ ಶೇಕಡ 19, 8 ಹಾಕಿದರೆ ಶೇಕಡ 36. ಎರಡನ್ನೂ ಸೇರಿಸಿದರೆ ಎಷ್ಟು ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ನಾನು ನನ್ನ ಕಪ್ಪು ಗಿಟಾರಿಗೆ 9ರ ಸೆಟ್ ಹಾಕಿ, ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದೆ. 10ರ ಸೆಟ್ಟಿಗೆ ಹೋಲಿಸಿದರೆ ತೆಳುವಾದ ಮೊದಲ ತಂತಿಯಲ್ಲಿ ಉಳಿದದ್ದು ಶೇಕಡ 57ರಷ್ಟು ಎಳೆತ. ಮೊದಲ ಸಲ ಒತ್ತಿದಾಗ ತಂತಿ ಬೆರಳಿಗೆ ಕರುಣೆ ತೋರಿಸಿದ ಹಾಗೆ ಅನಿಸಿತು.

ಟೊಪ್ಪಿಯ ವಿಷಯ ಅಷ್ಟು ಸಲೀಸಾಗಲಿಲ್ಲ. ಮೊದಲು ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ್ದನ್ನು ತಂದೆ. ತಂತಿಗೆ ತಾಗಿದರೆ ಕಿರ್ರನೆ ಸದ್ದು, ಒತ್ತಿದರೆ ಜಾರಾಟ. ಆಮೇಲೆ ಶಾಂಪೂ ಬಾಟಲಿಯ ಮುಚ್ಚಳ ಕರಗಿಸಿ ಅಪ್ಪಯ್ಯ ಒಂದು ಮಾಡಿಕೊಟ್ಟರು. ಮೂರು ದಿನ ಜಗಲಿಯಲ್ಲಿ ಕೂತು ಅರ ಹಾಕಿ ಉಜ್ಜಿದ್ದರು. ಗಿಟಾರಿನ ಸದ್ದು ಅವರಿಗೆ ಅಷ್ಟೇನೂ ಇಷ್ಟವಿಲ್ಲ, ಆದರೂ ಅಳತೆ ಸರಿಯಾಗುವವರೆಗೆ ಎಂಟು ಸಲ ನನ್ನ ಬೆರಳಿಗೆ ಹಾಕಿ ನೋಡಿದರು. ಹಳೇ ಪರ್ಸಿನ ಚರ್ಮ ಅಂಟಿಸಿದೆವು. ಮೇ ತಿಂಗಳವರೆಗೆ ಚೆನ್ನಾಗಿ ನಡೆಯಿತು. ಜೂನಿನಲ್ಲಿ ಮಳೆ ಹಿಡಿಯಿತು. ಆಗುಂಬೆಯ ತಪ್ಪಲಿನ ಮಳೆ ಎಂದರೆ ಮನೆಯೊಳಗಿನ ಬೀರು, ಬೆಲ್ಟು, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಟೊಪ್ಪಿಯ ಚರ್ಮ ಬೆಳ್ಳಗಾಗಿ, ಒಣಗಿಸಿದರೆ ಸೆಟೆದು, ಅಂಟು ಬಿಟ್ಟು ಬಂತು. ನಾಲ್ಕು ಸಲ ಹೊಸ ಚರ್ಮ ಹಾಕಿದೆವು.

ಅದಕ್ಕಿಂತ ದೊಡ್ಡ ಕಷ್ಟ ಬೇರೆ. ಟೊಪ್ಪಿ ಹಾಕಿದ ಬೆರಳಿಗೆ ತಂತಿ ತಿಳಿಯುವುದಿಲ್ಲ. ಒತ್ತಿದೆನೋ ಇಲ್ಲವೋ, ಪಕ್ಕದ ತಂತಿಗೆ ತಾಗಿತೋ ಎಂಬುದೆಲ್ಲ ಕಿವಿಯಿಂದಲೇ ಗೊತ್ತಾಗಬೇಕು. ಐಯೋಮಿ ಇಡೀ ಬದುಕು ಹಾಗೆಯೇ ನುಡಿಸಿದ. ಎರಡು ಮೂರು ತಂತಿಯ ಪವರ್ ಕಾರ್ಡ್‌ಗಳಿಗೆ ನನಗೆ ಅದು ಸಾಕಾಗುತ್ತಿತ್ತು. ಒಟ್ಟಿಗೆ ನುಡಿಸುವ ಸ್ವರಗಳ ಗುಂಪು ಕಾರ್ಡ್. ಪವರ್ ಕಾರ್ಡ್ ಎಂದರೆ ಬೇರೇನಲ್ಲ, ಷಡ್ಜ ಮತ್ತು ಪಂಚಮ, ತಂಬೂರಿಯಲ್ಲಿ ದಿನಾ ಕೇಳುವ ಜೋಡಿಯೇ. ಡಿಸ್ಟಾರ್ಶನ್, ಅಂದರೆ ನಾದವನ್ನು ಬೇಕೆಂದೇ ಒರಟಾಗಿಸುವ ಪರಿಣಾಮ, ಹಾಕಿದಾಗ ಗಾಂಧಾರ ಸೇರಿದರೆ ನಾದ ಕಲಕುತ್ತದೆ, ಸ-ಪ ಮಾತ್ರ ಇದ್ದರೆ ಬಂಡೆಯಂತೆ ನಿಲ್ಲುತ್ತದೆ. ಆದರೆ ಬೆಂಡ್ ಮಾಡಲು ಹೋದರೆ ಟೊಪ್ಪಿಯೊಳಗೆ ಬೆರಳು ತಿರುಗುತ್ತಿತ್ತು. ಮೂರನೇ ತಂತಿ, ಏಳನೇ ಫ್ರೆಟ್, ಡಿಯಿಂದ ಇಗೆ ಹೊರಟದ್ದು ನಡುದಾರಿಯಲ್ಲಿ ಸತ್ತುಹೋಗುತ್ತಿತ್ತು.

ಬೆರಳು ಕಳೆದುಕೊಂಡ ಐಯೋಮಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡ್ ತಂದು ಕೇಳಿಸಿದ್ದನಂತೆ. ಜ್ಯಾಝ್ ಗಿಟಾರಿಸ್ಟ್ ಜ್ಯಾಂಗೊ ರೈನ್‌ಹಾರ್ಟ್‌ನದು. 1928ರಲ್ಲಿ, 18ರ ವಯಸ್ಸಿನಲ್ಲಿ, ಜ್ಯಾಂಗೊ ವಾಸಿಸುತ್ತಿದ್ದ ಗಾಡಿಮನೆಗೆ ಬೆಂಕಿ ಬಿತ್ತು. ಹೆಂಡತಿ ಮಾರಲು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು ಭಗ್ಗನೆ ಹತ್ತಿಕೊಂಡವು. ಎಡಗೈಯ ಉಂಗುರದ ಬೆರಳು, ಕಿರುಬೆರಳು ಮುರುಟಿಹೋದವು. ಉಳಿದ ಎರಡೇ ಬೆರಳಿನಲ್ಲಿ ಆತ ಸೋಲೋ ನುಡಿಸುವುದನ್ನು ಹೊಸದಾಗಿ ಕಲಿತ, 1934ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೆಫಾನ್ ಗ್ರಾಪೆಲ್ಲಿಯ ಪಿಟೀಲಿನ ಜೊತೆ ತಂಡ ಕಟ್ಟಿದ. ಮುರುಟಿದ ಬೆರಳುಗಳನ್ನು ಕಾರ್ಡ್ ಹಿಡಿಯುವಾಗ ಮಾತ್ರ ತಂತಿಗೆ ಆನಿಸುತ್ತಿದ್ದ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ನಾನೂ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋಗಿದ್ದೆ. ಅಂದು ಅದರ ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈಯನ್ನೇ ನೋಡುತ್ತಿದ್ದೆ. ಅಷ್ಟು ವೇಗದಲ್ಲೂ ಪಿಕ್ಕು, ಅಂದರೆ ತಂತಿ ಮೀಟುವ ಬಿಲ್ಲೆ, ಮೇಲಿಂದ ಕೆಳಕ್ಕೆ ಮಾತ್ರ ಬೀಳುತ್ತಿತ್ತು, ಒಂದೇ ತೂಕದಲ್ಲಿ. ಆ ಮನುಷ್ಯನ ಎಡಗೈ 1992ರಲ್ಲಿ ಮಾಂಟ್ರಿಯಲ್‌ನ ವೇದಿಕೆಯ ಮೇಲೆ ಸಿಡಿಮದ್ದಿನ ಬೆಂಕಿಗೆ ಸಿಕ್ಕಿ ಸುಟ್ಟಿತ್ತು, ಕೆಲವೇ ವಾರದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಬರೀ ಹಾಡಿದ್ದ, ಗಿಟಾರನ್ನು ಬೇರೆಯವರು ನುಡಿಸಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಗ್ರೇಟ್‌ಫುಲ್ ಡೆಡ್ ತಂಡದ ಗಿಟಾರಿಸ್ಟ್ ಜೆರ್ರಿ ಗಾರ್ಸಿಯಾ ನಾಲ್ಕು ವರ್ಷದ ಮಗುವಾಗಿದ್ದಾಗ ಸೌದೆ ಒಡೆಯುವಲ್ಲಿ ಅಣ್ಣನ ಕೊಡಲಿಗೆ ಬಲಗೈಯ ನಡುಬೆರಳು ಕಳೆದುಕೊಂಡಿದ್ದ. ಆ ತಿಂಗಳುಗಳಲ್ಲಿ ಇಂಥವನ್ನು ಹುಡುಕಿ ಹುಡುಕಿ ಓದಿದೆ. ಓದಿದ್ದರಿಂದ ಧೈರ್ಯ ಬಂತು. ದಾರಿ ಸಿಕ್ಕಿದ್ದು ಶಿವಮೊಗ್ಗದ ವಿನೋಬನಗರದಲ್ಲಿ, ದೊಡ್ಡಮ್ಮನ ಮನೆಯಲ್ಲಿ.

ಬೆರಳನ್ನು ತೋರಿಸಲು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗುತ್ತಿದ್ದೆನಲ್ಲ, ರಾತ್ರಿ ಅಲ್ಲೇ ಉಳಿಯುತ್ತಿದ್ದೆ. ದೊಡ್ಡಮ್ಮ ಮದುವೆಗೆ ಮೊದಲಿನಿಂದ ವೀಣೆ ನುಡಿಸಿದವರು. ಕಛೇರಿ ಮಾಡಿದವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮುಕ್ಕಾಲು ಗಂಟೆ, ಐವತ್ತು ವರ್ಷಗಳಿಂದ. ಚಿಕ್ಕಂದಿನಿಂದ ಅದನ್ನು ಕೇಳಿದ್ದೇನೆ, ಆದರೆ ಅವರ ಎಡಗೈಯನ್ನು ಒಮ್ಮೆಯೂ ನೋಡಿರಲಿಲ್ಲ. ಆ ಸಂಜೆ ನೋಡಿದೆ. ತೋರುಬೆರಳು, ನಡುಬೆರಳು ಜೋಡಿಯಾಗಿ ಅಂಟಿಕೊಂಡು ತಂತಿಯ ಮೇಲೆ ಓಡಾಡುತ್ತಿದ್ದವು. ಉಂಗುರದ ಬೆರಳು, ಕಿರುಬೆರಳು ಸುಮ್ಮನೆ ಪಕ್ಕದಲ್ಲಿ ಬಾಗಿಕೊಂಡಿದ್ದವು.

"ದೊಡ್ಡಮ್ಮ, ನೀವು ಉಂಗುರದ ಬೆರಳು ಹಾಕೋದೇ ಇಲ್ವಾ?" ಅಂದೆ.

"ಅದು ಯಾವತ್ತು ಬೇಕಿತ್ತು ಪುಟ್ಟಿ? ವೀಣೆಗೆ ಎರಡೇ ಬೆರಳು."

ಅವರು ನುಡಿಸುವುದನ್ನು ಮುಂದುವರಿಸಿದರು. ನಾನು ಅಲ್ಲೇ ಚಾಪೆಯ ಮೇಲೆ ಕೂತು ಅತ್ತೆ.

ವೀಣೆಗೆ 24 ಮೆಟ್ಟಿಲು. ಹಿತ್ತಾಳೆಯವು, ಮೇಣದ ಮೇಲೆ ಕೂರಿಸಿದವು. ಮೇಣದ ಆ ದಿಣ್ಣೆ ಎತ್ತರವಾಗಿರುವುದರಿಂದ ತಂತಿಯ ಕೆಳಗೆ ಜಾಗ ಇರುತ್ತದೆ, ಒತ್ತಿದ ಬೆರಳು ಮರಕ್ಕೆ ತಾಗುವುದಿಲ್ಲ. ಅದೇ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮುಂದಿನ ಎರಡು ಮೂರು ಸ್ವರಗಳನ್ನು ಹೊರಡಿಸುತ್ತಾರೆ. ಗಮಕದ ಬಹುಪಾಲು ಹೀಗೆ ಎಳೆದೇ ಬರುವುದು. ರಾಕ್‌ನವರು ಬೆಂಡ್ ಎನ್ನುವುದನ್ನು ದೊಡ್ಡಮ್ಮ ದಿನಕ್ಕೆ ನೂರಾರು ಸಲ, ಉಂಗುರದ ಬೆರಳಿಲ್ಲದೆ, ಮಾಡುತ್ತಿದ್ದರು. ಇಂಗ್ಲೆಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಭಾರತೀಯ ಸಂಗೀತಗಾರರ ಜೊತೆಗಿನ 'ಶಕ್ತಿ' ತಂಡಕ್ಕಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಫ್ರೆಟ್ಟುಗಳ ನಡುವಿನ ಮರವನ್ನು ಕೆರೆದು ತೋಡಿಸಿದ್ದು ಇದೇ ಕಾರಣಕ್ಕೆ, ಎಳೆಯುವಾಗ ಬೆರಳಿಗೆ ಮರ ಅಡ್ಡಬಾರದಿರಲಿ ಎಂದು. ರಾಕ್ ಗಿಟಾರಿಸ್ಟರಾದ ರಿಚಿ ಬ್ಲ್ಯಾಕ್‌ಮೋರ್, ಇಂಗ್ವೆ ಮಾಲ್ಮ್‌ಸ್ಟೀನ್ ಕೂಡ ತೋಡಿಸಿದ ಹಲಗೆಯ ಮೇಲೇ ನುಡಿಸಿದವರು. ನನ್ನ ಗಿಟಾರಿಗೆ ಹಾಗೆ ಮಾಡಿಸಿಲ್ಲ. ಉಳಿ ಹಿಡಿದ ಕೈ ಸ್ವಲ್ಪ ತಪ್ಪಿದರೂ ಕತ್ತು ಹಾಳು.

ಮುಂದಿನ ತಿಂಗಳು ಗಿಟಾರ್ ಹೊತ್ತುಕೊಂಡೇ ಹೋದೆ. ದೊಡ್ಡಮ್ಮ ಮೊದಲು ಗಿಟಾರ್ ತೆಗೆಯಲು ಬಿಡಲಿಲ್ಲ. "ಹಾಡು" ಅಂದರು. ನನಗೆ ಕಂಠ ಇಲ್ಲ ಅಂದೆ. "ಕಂಠ ಯಾರು ಕೇಳಿದ್ರು? ಎಲ್ಲಿಗೆ ಎಳೀಬೇಕು ಅಂತ ಗಂಟಲಿಗೆ ಗೊತ್ತಿಲ್ಲದಿದ್ರೆ ಬೆರಳಿಗೆ ಹೇಗೆ ಗೊತ್ತಾಗತ್ತೆ?" ಅಂದರು. ಡಿ ಹಾಡಿದೆ, ಇ ಹಾಡಿದೆ. ಡಿಯಿಂದ ಇಗೆ ಜಾರಿದೆ. ಅವರು ಅದನ್ನು ರಿಷಭ, ಗಾಂಧಾರ ಎಂದು ತಮ್ಮ ಲೆಕ್ಕಕ್ಕೆ ತಂದುಕೊಂಡು, ತಂತಿ ಎಳೆದು ತೋರಿಸಿ, ನನ್ನದು ಎಲ್ಲಿ ಕೂದಲೆಳೆ ಕಡಿಮೆ ಎಂದು ಹೇಳಿದರು. ಹನ್ನೊಂದು ವರ್ಷ ನಾನು ಬೆಂಡ್ ಮಾಡಿದ್ದೆಲ್ಲ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು ಎಂದು ಆ ದಿನ ನನ್ನ ಕಿವಿಗೆ ಬಿತ್ತು. ಡಿಸ್ಟಾರ್ಶನ್ ಅದನ್ನು ಮುಚ್ಚಿಟ್ಟಿತ್ತು. ಹತ್ತು ಬೆರಳು ನೆಟ್ಟಗಿದ್ದಾಗ ಯಾರೂ ಹೇಳದ ಮಾತು ಅದು.

ಎರಡು ಬೆರಳನ್ನು ಜೋಡಿಸಿ ಒಂದೇ ಫ್ರೆಟ್ಟಿನೊಳಗೆ ಇಡುವುದನ್ನು ಅವರಿಂದ ಕಲಿತೆ. ನನ್ನ ಗಿಟಾರಿನ ತಂತಿಯ ಉದ್ದ 648 ಮಿಲಿಮೀಟರ್. ಆರನೇ ಮತ್ತು ಏಳನೇ ಫ್ರೆಟ್ಟಿನ ನಡುವಿನ ಜಾಗ ಸುಮಾರು 26 ಮಿಲಿಮೀಟರ್ ಬರುತ್ತದೆ. ನನ್ನ ಎರಡು ಬೆರಳು ಅಲ್ಲಿ ಒತ್ತೊತ್ತಾಗಿ ಕೂರುತ್ತವೆ. ನಡುಬೆರಳು ಫ್ರೆಟ್ಟಿನ ಪಕ್ಕದಲ್ಲಿ, ತೋರುಬೆರಳು ಅದಕ್ಕೆ ಆತುಕೊಂಡು. ಮುಂಗೈ ತಿರುವಿದರೆ ಎರಡೂ ಒಂದೇ ಬೆರಳಿನಂತೆ ತಳ್ಳುತ್ತವೆ. ಉಂಗುರದ ಬೆರಳು ಮೇಲೆತ್ತಿಕೊಂಡು ಸುಮ್ಮನಿರುತ್ತದೆ. ಹದಿನೈದನೇ ಫ್ರೆಟ್ಟಿನ ಹತ್ತಿರ ಹೋದರೆ ಜಾಗ 16 ಮಿಲಿಮೀಟರಿಗೆ ಇಳಿಯುತ್ತದೆ. ಅಲ್ಲಿ ಜೋಡಿ ಹಿಡಿಸುವುದಿಲ್ಲ. ನಡುಬೆರಳೊಂದೇ ತಳ್ಳಬೇಕು, ತೋರುಬೆರಳು ಒಂದು ಫ್ರೆಟ್ ಹಿಂದೆ ನಿಂತು ಒತ್ತಾಸೆ ಕೊಡಬೇಕು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಮಾಡುವ ಹಾಗೆ ಒಂದೇ ಮೀಟಿನಲ್ಲಿ ಒಂದು ಸ್ವರ ಏರಿ, ನಿಂತು, ಮತ್ತೊಂದು ಸ್ವರ ಏರುವ ಉದ್ದದ ಬೆಂಡ್‌ಗಳು ಅಲ್ಲಿ ನನಗೆ ಬರುವುದಿಲ್ಲ. ಅವನ್ನು ಕೆಳಗಿನ ಫ್ರೆಟ್ಟುಗಳಿಗೆ, ದಪ್ಪ ತಂತಿಗೆ ತಂದುಕೊಂಡು ನುಡಿಸುತ್ತೇನೆ. ನಾದ ಬೇರೆಯಾಗುತ್ತದೆ, ಸ್ವಲ್ಪ ಗಂಡುದನಿ. ನನಗೆ ಈಗ ಅದೇ ಹಿಡಿಸಿದೆ.

ಕಿರುಬೆರಳು ಬಲವಾಗಿದೆ. ಮೊದಲು ಉಂಗುರದ ಬೆರಳು ಮಾಡುತ್ತಿದ್ದ ಪವರ್ ಕಾರ್ಡ್‌ನ ಪಂಚಮ ಈಗ ಅದರ ಪಾಲು. ಎಫ್ ಕಾರ್ಡಿನ ಕೆಳಸ್ವರವನ್ನು ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಮಾಡುತ್ತಿದ್ದಂತೆ ಕತ್ತಿನ ಮೇಲಿನಿಂದ ಹೆಬ್ಬೆರಳು ಇಳಿಸಿ ಹಿಡಿಯಲು ಕಲಿತೆ. ಹೆಂಡ್ರಿಕ್ಸ್‌ನ ಕೈ ದೊಡ್ಡದು, ನನ್ನದು ಸಣ್ಣದು. ಒಂದೂವರೆ ವರ್ಷ ಹಿಡಿಯಿತು.

ಒಂದು ರಾತ್ರಿ ದೊಡ್ಡಮ್ಮನಿಗೆ ಇಂಗ್ಲೆಂಡಿನ ಗಿಟಾರಿಸ್ಟ್ ಜೆಫ್ ಬೆಕ್‌ನನ್ನು ಕೇಳಿಸಿದೆ. 1980ರ ದಶಕದಲ್ಲಿ ಪಿಕ್ಕನ್ನು ಪೂರಾ ಬಿಟ್ಟು, ಹೆಬ್ಬೆರಳಿನಿಂದ ಮೀಟುತ್ತಾ, ಕಿರುಬೆರಳಿನಿಂದ ವಾಲ್ಯೂಮ್ ತಿರುಗಿಸುತ್ತಾ, ಅಂಗೈಯಲ್ಲಿ ಗಿಟಾರಿನ ಅಲುಗುವ ಸರಳನ್ನು ಒತ್ತಿ ಸ್ವರವನ್ನು ಬಾಗಿಸುತ್ತಿದ್ದವನು. ಸಂಗೀತ ಸಂಯೋಜಕ ನಿತಿನ್ ಸಾಹ್ನಿ ಹಿಂದೂಸ್ತಾನಿ ಗಾಯನಕ್ಕೆಂದು ಮಾಡಿದ್ದ ಒಂದು ರಚನೆಯನ್ನು 2001ರ ಆಲ್ಬಮ್ಮಿನಲ್ಲಿ ಆತ ಗಿಟಾರಿನಲ್ಲಿ ನುಡಿಸಿದ್ದಾನೆ. ದೊಡ್ಡಮ್ಮ ಕೇಳಿದರು. "ಅಲ್ಲಿ ಇನ್ನೊಂದು ಸಲ ಹಾಕು" ಅಂದರು. ಹಾಕಿದೆ. "ಇಳಿಯೋದು ನೋಡು. ಹತ್ತೋದು ಎಲ್ಲರೂ ಹತ್ತುತಾರೆ. ಇವರು ಇಳಿಯುವಾಗ ಒಂದೊಂದೇ ಜಾಗ ಮುಟ್ಟಿ ಇಳೀತಾರೆ." ಅಂದಿನಿಂದ ನನ್ನ ಅಭ್ಯಾಸದ ಅರ್ಧ ಹೊತ್ತು ಇಳಿಯುವುದಕ್ಕೇ ಹೋಗುತ್ತದೆ. ಮೀಟುವ ಮೊದಲೇ ತಂತಿಯನ್ನು ಸದ್ದಿಲ್ಲದೆ ಎಳೆದಿಟ್ಟು, ಇ ಎಲ್ಲಿರುತ್ತದೆಂದು ಕೈಯ ನೆನಪಿನಿಂದಲೇ ಅಂದಾಜು ಮಾಡಿ, ಆಮೇಲೆ ಮೀಟಿ, ನಿಧಾನವಾಗಿ ಡಿಗೆ ಬಿಡುವುದು. ಎಳೆದಿಟ್ಟದ್ದು ತಪ್ಪಾಗಿದ್ದರೆ ಮೀಟಿದ ಮೇಲೆ ಸರಿಮಾಡಲು ಸಮಯವಿಲ್ಲ. ದಿನಕ್ಕೆ ಐವತ್ತು ಸಲ. ಆಂಪ್ಲಿಫೈಯರ್ ಇಲ್ಲದೆ. ಮಳೆಗಾಲದಲ್ಲಿ ಹೇಗೂ ಕರೆಂಟಿರುವುದಿಲ್ಲ.

ಜೆಫ್ ಬೆಕ್ 2023ರ ಜನವರಿಯಲ್ಲಿ ತೀರಿಕೊಂಡ. ಸುದ್ದಿ ಹೇಳಿದಾಗ ದೊಡ್ಡಮ್ಮ, "ಆ ಇಳಿಯುವವರಾ?" ಎಂದು ಕೇಳಿದರು.

ಟೊಪ್ಪಿ ಈಗ ಪೆಟ್ಟಿಗೆಯಲ್ಲಿದೆ, ಬಳಸುವುದಿಲ್ಲ. ಎಸೆಯಲು ಮನಸ್ಸಿಲ್ಲ, ಅಪ್ಪಯ್ಯನ ಅರದ ಗೀರುಗಳು ಅದರ ಮೇಲಿವೆ.

ಆದರೆ ಉಂಗುರದ ಬೆರಳಿಗೂ ಒಂದು ಕೆಲಸ ಸಿಕ್ಕಿದೆ. ಅಮೆರಿಕದ ರಾಕ್ ಗಿಟಾರಿಸ್ಟ್ ಡ್ವೇನ್ ಆಲ್ಮನ್ 24ರ ವಯಸ್ಸಿನಲ್ಲಿ, 1971ರಲ್ಲಿ ಬೈಕ್ ಅಪಘಾತದಲ್ಲಿ ಸತ್ತ. ಅಷ್ಟರೊಳಗೆ ರಾಕ್‌ನಲ್ಲಿ ಸ್ಲೈಡ್ ಗಿಟಾರ್ ಎಂದರೆ ಹೇಗಿರಬೇಕು ಎಂದು ತೋರಿಸಿ ಹೋಗಿದ್ದ. ಶೀತದ ಮಾತ್ರೆಯ ಖಾಲಿ ಗಾಜಿನ ಶೀಶೆಯನ್ನು ಬೆರಳಿಗೆ ತೊಡಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಿದ್ದ. ತೊಡಿಸಿಕೊಂಡದ್ದು ಎಡಗೈಯ ಉಂಗುರದ ಬೆರಳಿಗೆ. ಇದು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು. ಸ್ಲೈಡಿಗೆ ಬೆರಳಿನ ತುದಿ ಬೇಕಿಲ್ಲ. ಒತ್ತುವ ಹಾಗಿಲ್ಲ, ತಂತಿಯನ್ನು ಮುಟ್ಟಿದರೆ ಸಾಕು. ಫ್ರೆಟ್ಟಿನ ಹಿಂದೆ ಇಟ್ಟರೆ ಸ್ವರ ಕೆಳಗೆ ಬೀಳುತ್ತದೆ, ಸರಿಯಾಗಿ ಫ್ರೆಟ್ಟಿನ ನೆತ್ತಿಯ ಮೇಲೆ ಇರಬೇಕು. ಹಿಂದಿನ ಎರಡು ಬೆರಳು ತಂತಿಗಳನ್ನು ಮೆಲ್ಲಗೆ ಸವರಿಕೊಂಡು ಬೇಡದ ಸದ್ದನ್ನು ಅಡಗಿಸಬೇಕು. ಆ ಎರಡು ಬೆರಳು ಯಾವುವು? ತೋರುಬೆರಳು, ನಡುಬೆರಳು. ದೊಡ್ಡಮ್ಮನ ಜೋಡಿ.

ತೀರ್ಥಹಳ್ಳಿಯ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆ ಪೈಪಿನ ತುಂಡು ಕತ್ತರಿಸಿ, ಅಂಚು ನುಣುಪು ಮಾಡಿಸಿದೆ. ಉದ್ದ ಆರು ಸೆಂಟಿಮೀಟರ್. ಅಂಗಡಿಯವರು ಎಂತಕ್ಕೆ ಎಂದು ಕೇಳಿ, ಬೆರಳು ನೋಡಿ, ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ಒತ್ತಾಯ ಮಾಡಿ ಕೊಟ್ಟು ಬಂದೆ. ಮೊದಲ ಗಿಟಾರನ್ನು, ಆ ದುರ್ಗಿಗುಡಿಯ ಮರದ್ದನ್ನು, ಆಲ್ಮನ್ ಇಟ್ಟುಕೊಳ್ಳುತ್ತಿದ್ದ ಓಪನ್ ಇ (ಬೆರಳಿಡದೆ ಮೀಟಿದರೂ ಇ ಕಾರ್ಡ್ ಬರುವ) ಶ್ರುತಿಗಿಂತ ಎರಡು ಅರ್ಧಸ್ವರ ಕೆಳಗೆ, ಡಿಗೆ ಇಳಿಸಿ ಇಟ್ಟಿದ್ದೇನೆ. ಹಳೇ ಮರ, ಆ ಎಳೆತ ತಾಳುತ್ತದೋ ಇಲ್ಲವೋ ಎಂಬ ಭಯ.

ಕಳೆದ ಸುಗ್ಗಿಯಲ್ಲಿ ಸುಲಿಯುವ ಯಂತ್ರ ಬಾಡಿಗೆಗೆ ಬಂದಿತ್ತು. ಅಂಗಳದಲ್ಲಿ ಅದರ ಸದ್ದು, ಒಲೆಯ ಮೇಲೆ ಅಡಿಕೆ ಬೇಯುವ ಚೊಗರಿನ ವಾಸನೆ. ನಾನು ಜಗಲಿಯಲ್ಲಿ ಕೂತು ಹಿತ್ತಾಳೆಯನ್ನು ಬೆರಳಿಗೆ ತೊಡಿಸಿಕೊಂಡೆ. ಚಳಿಗೆ ತಣ್ಣಗಿರುತ್ತದೆ, ಹತ್ತು ನಿಮಿಷ ನುಡಿಸಿದರೆ ಮೈ ಬಿಸಿ ಹಿಡಿಯುತ್ತದೆ. ತುದಿಗೆ ಅದು ತಿಳಿಯುವುದಿಲ್ಲ. ಮೊದಲ ಗೆಣ್ಣಿನಿಂದ ಹಿಂದಕ್ಕೆ ತಿಳಿಯುತ್ತದೆ.